ಡೈರಿಯನ್ನು ಮೊದಲು ರಫ್ ಆಗಿ ಬರೆದು, ಆಮೇಲೆ ನೀಟಾಗಿ ಕಾಪಿ ಮಾಡಿಡಬೇಕಾ?

ಒಂಬತ್ತನೇ ಕ್ಲಾಸು. ಅಕ್ಷರ ಚೆನ್ನಾಗಿಲ್ಲ, ಭಾಷೆಯೂ ಅಷ್ಟಕ್ಕಷ್ಟೇ. ಅದಕ್ಕೇ ವಾರವೆಲ್ಲ ರಫ್ ನೋಟಿನಲ್ಲಿ ಬರೆದು, ಭಾನುವಾರ ಒಳ್ಳೆ ಡೈರಿಗೆ ನೀಟಾಗಿ ಬರೆದಿಡೋಣ ಅಂತಿದ್ದೀಯ. ದಿನಾ ತಪ್ಪದೆ ಬರೆಯೋಕೆ ಏನಾದರೂ ಉಪಾಯ ಇದೆಯಾ ಅಂತಲೂ ಕೇಳಿದ್ದೀಯ. ನಾನು ಹೈಸ್ಕೂಲು ಮೇಷ್ಟ್ರು, ನಿನ್ನ ವಯಸ್ಸಿನವರಿಗೇ ಪಾಠ ಮಾಡೋದು. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ.

ಕಾಪಿ ಮಾಡಬೇಡ. ನಾನು ಮಾಡಿದ್ದೆ.

ನಮ್ಮದು ತಿಪಟೂರು ಕಡೆ ಹಳ್ಳಿ. ತೆಂಗಿನ ತೋಟ ಇತ್ತು, ಬೇರೇನೂ ಇರಲಿಲ್ಲ. 2006ರಲ್ಲಿ ಎಂಟನೇ ಕ್ಲಾಸಿಗೆ ನನ್ನನ್ನು ತಿಪಟೂರಿನ ಒಂದು ಹಾಸ್ಟೆಲಿಗೆ ಸೇರಿಸಿದರು. ಒಂದು ತಗಡಿನ ಟ್ರಂಕು, ಒಂದು ಚಾಪೆ, ಒಂದು ತಟ್ಟೆ. ಮೊದಲ ಆರು ತಿಂಗಳು ಅತ್ತಿದ್ದೇ ಜಾಸ್ತಿ. ಡಿಸೆಂಬರಿನಲ್ಲಿ ಕನ್ನಡ ಮೇಷ್ಟ್ರು ಕ್ಲಾಸಿನಲ್ಲಿ ದಿನಚರಿ ಬರೆದರೆ ಭಾಷೆ ಸುಧಾರಿಸುತ್ತೆ ಅಂದರು. ಜನವರಿಗೆ ನಮ್ಮ ಮಾವ ಒಂದು ಎಲ್‌ಐಸಿ ಡೈರಿ ತಂದುಕೊಟ್ಟ. ರೆಕ್ಸಿನ್ ಹೊದಿಕೆ, ನಡುವೆ ರಿಬ್ಬನ್ನು, ದಿನಕ್ಕೊಂದು ಪುಟ. ಅಷ್ಟು ಚೆಂದದ ಪುಸ್ತಕ ಅಲ್ಲಿಯವರೆಗೆ ನನ್ನ ಹತ್ತಿರ ಇರಲೇ ಇಲ್ಲ. ಅದರಲ್ಲಿ ನೇರವಾಗಿ ಬರೆಯೋಕೆ ಕೈ ಬರಲಿಲ್ಲ. ಚಿತ್ತಾದರೆ?

ಸಂಜೆ ಸ್ಟಡಿ ಅವರ್‌ನಲ್ಲಿ ರಫ್ ನೋಟಿನ ಹಿಂದಿನ ಪುಟಗಳಲ್ಲಿ ಬರೆಯೋಕೆ ಶುರು ಮಾಡಿದೆ. ಮುಂದಿನಿಂದ ಗಣಿತ, ಹಿಂದಿನಿಂದ ನಾನು. ಭಾನುವಾರ ಬಟ್ಟೆ ಒಗೆದು ಹರವಿದ ಮೇಲೆ ಹೀರೋ ಪೆನ್ನಿಗೆ ಇಂಕು ತುಂಬಿಕೊಂಡು ವಾರದ್ದನ್ನೆಲ್ಲ ಡೈರಿಗೆ ಇಳಿಸುತ್ತಿದ್ದೆ. ಇಳಿಸಿದ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ. ಪರೀಕ್ಷೆಯಲ್ಲಿ ರಫ್ ವರ್ಕ್ ಮೇಲೆ ಎಳೀತೀವಲ್ಲ, ಹಾಗೆ. ಹತ್ತನೇ ಕ್ಲಾಸು ಮುಗಿಯುವವರೆಗೂ ಒಂದು ವಾರವೂ ಬಿಡಲಿಲ್ಲ. ನೀನು ಕೇಳುತ್ತಿರುವ 'ದಿನಾ ತಪ್ಪದೆ' ನನ್ನ ಹತ್ತಿರ ಇತ್ತು ನೋಡು.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೇಲಿಂದ ನೋಡಿದರೆ ಇದು ತಪ್ಪು ಅಂತ ಅನ್ನಿಸೋದೇ ಇಲ್ಲ. ಹುಡುಗ ಶಿಸ್ತಾಗಿ ಎರಡೆರಡು ಸಲ ಬರೆಯುತ್ತಿದ್ದಾನೆ, ಒಳ್ಳೇದೇ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಕಾಪಿ ಮಾಡೋದು ಅಂದರೆ ಅಕ್ಷರ ಮಾತ್ರ ಬದಲಾಗುತ್ತೆ ಅಂತ.

ಮೊದಲ ಭಾನುವಾರ ಕಾಗುಣಿತ ಮಾತ್ರ ತಿದ್ದಿದೆ. ಎರಡನೇ ವಾರ 'ಅಪ್ಪ' ಅನ್ನೋದು ಸರಿ ಕಾಣಲಿಲ್ಲ, 'ತಂದೆಯವರು' ಅಂತ ಮಾಡಿದೆ. ಅಲ್ಲೇ ಎಡವಿದ್ದು. ಯಾಕೆ ಗೊತ್ತಾ? 'ಅಪ್ಪ ಗೇಟಿನ ಹತ್ತಿರ ಕೂತು ಬೀಡಿ ಸೇದ್ತಿದ್ರು' ಅಂತ ಬರೆಯಬಹುದು. ತಂದೆಯವರು ಬೀಡಿ ಸೇದೋದಿಲ್ಲ. ತಂದೆಯವರು ಆಗಮಿಸುತ್ತಾರೆ, ಬುದ್ಧಿಮಾತು ಹೇಳುತ್ತಾರೆ, ತೆರಳುತ್ತಾರೆ. ಒಂದು ಪದ ಬದಲಾಯಿಸಿದ್ದಕ್ಕೆ ಅದರ ಹಿಂದಿದ್ದ ಇಡೀ ಮನುಷ್ಯನೇ ಹೊರಟುಹೋದ. 'ಮುದ್ದೆ ಗಂಟುಗಂಟಾಗಿತ್ತು, ಅರ್ಧ ನಾಯಿಗೆ ಹಾಕ್ದೆ' ಅನ್ನೋದು 'ಭೋಜನ ಸ್ವೀಕರಿಸಿದೆನು' ಆಯಿತು. ಮಂಗಳವಾರ ಪಕ್ಕದ ಚಾಪೆಯವನ ಜೊತೆ ಸೋಪಿನ ಡಬ್ಬಿಗೆ ಜಗಳ ಆಗಿರುತ್ತಿತ್ತು. ಭಾನುವಾರದ ಹೊತ್ತಿಗೆ ನಾವಿಬ್ಬರೂ ಸರಿಹೋಗಿರುತ್ತಿದ್ದೆವು. ಸರಿಹೋದ ಜಗಳವನ್ನು ಒಳ್ಳೆ ಪುಸ್ತಕದಲ್ಲಿ ಯಾಕೆ ಬರೆಯೋದು ಅಂತ ಬಿಟ್ಟುಬಿಡುತ್ತಿದ್ದೆ. ದುಡ್ಡಿನ ಮಾತು ಬಿಟ್ಟೆ, ಮರ್ಯಾದೆ ಪ್ರಶ್ನೆ. ಯಾರು ಏನು ಅಂದರು ಅನ್ನೋದು ಬಿಟ್ಟೆ, ಪುಟದಲ್ಲಿ ಜಾಗ ಇರಲ್ಲ. ಎರಡು ಪುಟದ ದಿನ ಐದು ಸಾಲಿಗೆ ಇಳಿಯುತ್ತಿತ್ತು. ಐದರಲ್ಲಿ ಒಂದು ಸಾಲು ಖಾಯಂ: 'ಬಹಳ ಸಂತೋಷವಾಯಿತು.'

ಒಂದು ದಿನದ್ದು ಹೇಳುತ್ತೇನೆ. 2007ರ ಸೆಪ್ಟೆಂಬರ್ 24, ಮೊದಲ ಟಿ20 ವಿಶ್ವಕಪ್ ಫೈನಲ್ಲು. ಡೈರಿಯಲ್ಲಿ ಇರೋದು ಇಷ್ಟು: 'ಇಂದು ಭಾರತ ತಂಡವು ಪಾಕಿಸ್ತಾನವನ್ನು 5 ರನ್ನುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಿತು. ಎಲ್ಲರೂ ಹರ್ಷಿಸಿದೆವು.' ಇದು ಪೇಪರಿನಲ್ಲೇ ಸಿಗುತ್ತೆ, ನನ್ನ ಡೈರಿ ಯಾಕೆ ಬೇಕು? ನಡೆದದ್ದು ಬೇರೆ. ಎಂಟು ಜನ ಕಾಂಪೌಂಡು ಹಾರಿ ಹೋಗಿ ಒಂದು ಟಿವಿ ಅಂಗಡಿ ಮುಂದೆ ನಿಂತು ನೋಡುತ್ತಿದ್ದೆವು. ಕೊನೇ ಓವರಿಗೆ ಕರೆಂಟು ಹೋಯಿತು. ಕರೆಂಟು ಇದ್ದ ಆಚೆ ಬೀದಿಯಿಂದ ಕೂಗು ಕೇಳಿಸಿದಾಗಲೇ ಗೆದ್ದಿದ್ದು ಗೊತ್ತಾಗಿದ್ದು. ಇದು ನೆನಪಿರೋದು ನಾವು ಎಂಟು ಜನ ಸಿಕ್ಕಾಗಲೆಲ್ಲ ಇದನ್ನೇ ಹೇಳಿಕೊಂಡು ನಗುವುದರಿಂದ. ಒಬ್ಬನೇ ಇದ್ದ ದಿನಗಳನ್ನು ಯಾರ ಜೊತೆ ಹೇಳಿಕೊಳ್ಳಲಿ?

ರಫ್ ನೋಟುಗಳು ಏನಾದವು ಅಂತ ಕೇಳು. 2009ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಟ್ರಂಕು ಹೊತ್ತು ಮನೆಗೆ ಬಂದೆ. ಮೇ ತಿಂಗಳಲ್ಲಿ ಸೈಕಲ್ಲಿನಲ್ಲಿ ಗುಜರಿಯವನು ಬಂದ. ಎಲ್ಲ ಗೆರೆ ಎಳೆದ ಪುಟಗಳು, ಇನ್ನೇನು ಕೆಲಸ? ಕಟ್ಟಿ ತಂದು ತಕ್ಕಡಿಗೆ ನಾನೇ ಇಟ್ಟೆ. ಅವನು ದುಡ್ಡಿನ ಬದಲು ಒಂದು ಹಸಿರು ಪ್ಲಾಸ್ಟಿಕ್ ಮಗ್ಗು ಕೊಟ್ಟ. ಅಮ್ಮ ಚೌಕಾಸಿ ಮಾಡಿ ಒಂದು ಸೋಪಿನ ಡಬ್ಬಿ ಜಾಸ್ತಿ ತಗೊಂಡಳು. ಆ ಮಗ್ಗು ಈಗಲೂ ನಮ್ಮ ಬಚ್ಚಲಲ್ಲಿದೆ.

2016ರಲ್ಲಿ ಅಪ್ಪ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಮ್ಮ, ನಾನು ಒಳಮನೆಯಲ್ಲಿ ಕೂತಿದ್ದೆವು. ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು: 'ನೀನು ಒಂಬತ್ತನೇ ಕ್ಲಾಸಲ್ಲಿದ್ದಾಗ, ಸಂಕ್ರಾಂತಿ ಮುಗಿದ ಮೇಲೆ ಒಂದ್ಸಲ ಕೊಬ್ರಿ ಹಾಕಕ್ಕೆ ಹೋಗಿ ನಿನ್ನ ನೋಡ್ಕೊಂಡ್ ಬಂದ್ರಲ್ಲಪ್ಪ ನಿಮ್ಮಪ್ಪ, ಅವತ್ತು ಏನಂದ್ರು ನಿಂಗೆ? ರಾತ್ರಿ ಬಂದು ಊಟನೂ ಮಾಡ್ದೆ ಮಲಿಕ್ಕೊಂಡ್ರು. ಎಷ್ಟು ಕೇಳಿದ್ರೂ ಹೇಳ್ಲಿಲ್ಲ.'

ನಮ್ಮ ಕಡೆ ತೆಂಗಿನಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಒಳಗಿನ ನೀರು ಪೂರ್ತಿ ಇಂಗಿ, ಕಾಯಿ ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಅಂದಾಗ ಇಳಿಸೋದು. ಸುಲಿದು, ಚಿಪ್ಪು ಒಡೆದು, ಮೂಟೆ ಕಟ್ಟಿ ತಿಪಟೂರು ಎಪಿಎಂಸಿಗೆ. ಹರಾಜಿನ ದಿನ ರೇಟು ಕೂಗಿದ ಮೇಲೇ ವರ್ಷದ ಲೆಕ್ಕ ಗೊತ್ತಾಗೋದು. ಅಪ್ಪ ಮಾರ್ಕೆಟ್ಟಿಗೆ ಬಂದಾಗಲೆಲ್ಲ ಹಾಸ್ಟೆಲಿಗೆ ಬಂದು ಹೋಗುತ್ತಿದ್ದರು.

ಅಮ್ಮ ಕೇಳಿದ ದಿನ ನನಗೆ ನೆನಪಿದೆ. ಅಂದರೆ, ಬರೆದದ್ದು ನೆನಪಿದೆ. ಪೆನ್ನಿನ ಇಂಕು ಮುಗಿದು ಪೆನ್ಸಿಲ್‌ನಲ್ಲಿ ಬರೆದಿದ್ದೆ. ಮುಂದಿನಿಂದ ರೇಖಾಗಣಿತದ ಲೆಕ್ಕಗಳು ಬಂದು ನನ್ನ ಪುಟಗಳಿಗೆ ತಾಗಿದ್ದವು, ಒಂದು ವೃತ್ತದ ಒಳಗೂ ಬರೆದೆ. ಎರಡು ಪುಟ ತುಂಬಿ ಮೂರನೆಯದಕ್ಕೆ ಹೋಗಿತ್ತು. ಅಪ್ಪ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ಏನೋ ಹೇಳಿದರು. ಒಂದಲ್ಲ, ತುಂಬಾ ಹೇಳಿದರು. ಏನು ಅನ್ನೋದು ಮಾತ್ರ ಬರುತ್ತಿಲ್ಲ.

ಎದ್ದು ಟ್ರಂಕಿನಿಂದ 2008ರ ಡೈರಿ ತೆಗೆದೆ. ಪುಟ ಸಿಕ್ಕಿತು. ದುಂಡಗಿನ ಅಕ್ಷರ, ಒಂದು ಚಿತ್ತಿಲ್ಲ.

'ಇಂದು ತಂದೆಯವರು ಆಗಮಿಸಿದ್ದರು. ಹನ್ನೆರಡು ಬಾಳೆಹಣ್ಣುಗಳನ್ನು ತಂದಿದ್ದರು. ಚೆನ್ನಾಗಿ ಓದುವಂತೆ ತಿಳಿಸಿದರು. ಬಹಳ ಸಂತೋಷವಾಯಿತು.'

ಅಮ್ಮನಿಗೆ ಓದಿ ಹೇಳಿದೆ. 'ಅಷ್ಟೇನಾ?' ಅಂದಳು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಭಾಷೆ ಚೆನ್ನಾಗಿಲ್ಲ ಅಂದೆಯಲ್ಲ, ಆ ಮಾತನ್ನೇ ನಾನು ಒಪ್ಪಲ್ಲ. ಡೈರಿಗೆ ಬೇಕಾದ ಭಾಷೆ ನಿನ್ನ ಬಾಯಲ್ಲಿ ಆಗಲೇ ಇದೆ. 'ಅಪ್ಪ' ಅಂತ ಕರೆಯೋರನ್ನು 'ಅಪ್ಪ' ಅಂತಲೇ ಬರಿ. ಮೊಬೈಲಲ್ಲಿ ಬರೀತೀಯೋ, ಹಾಳೆಯಲ್ಲಿ ಬರೀತೀಯೋ, ಅದೊಂದು ವಿಷಯವೇ ಅಲ್ಲ. ಆದರೆ ಹಾಳೆಯಾದರೆ ಅಗ್ಗದ ನೋಟು ತಗೋ. ಚೆಂದದ ಡೈರಿ ಸಿಕ್ಕಿದರೆ ಅಮ್ಮನಿಗೆ ಹಾಲಿನ ಲೆಕ್ಕ ಬರೆಯೋಕೆ ಕೊಟ್ಟುಬಿಡು.

ನ್ಯಾಯವಾಗಿ ಹೇಳಬೇಕು ಅಂದರೆ ನೀಟ್ ಡೈರಿಯಿಂದ ನನಗೆ ಲಾಭವೂ ಆಯಿತು. ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ 125ಕ್ಕೆ 117 ಬಂತು. ವಾರವಾರ ಆ ಭಾಷೆ ತಿದ್ದಿ ತಿದ್ದಿ ಪ್ರಬಂಧ ನೀರು ಕುಡಿದ ಹಾಗೆ ಆಗಿತ್ತು. ಮಾರ್ಕ್ಸೇ ಬೇಕಿದ್ದರೆ ಪ್ರಬಂಧವನ್ನೇ ಬರಿ, ಬೇರೆ ನೋಟಿನಲ್ಲಿ. ಎರಡನ್ನೂ ಕಲಸಬೇಡ.

ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳಿಂದ ಅಡಗಿ ಕೂತು ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಕೂಡ ತನ್ನ ಡೈರಿಯನ್ನು ತಿದ್ದಿ ಬರೆದಿದ್ದಳಲ್ಲ ಅಂತ ಯಾರಾದರೂ ಹೇಳಬಹುದು. ನಿಜ. ಹದಿಮೂರನೇ ಹುಟ್ಟುಹಬ್ಬಕ್ಕೆ ಸಿಕ್ಕ ಪುಸ್ತಕದಲ್ಲಿ ಶುರು ಮಾಡಿದವಳು, 1944ರ ಮಾರ್ಚ್‌ನಲ್ಲಿ ಡೈರಿ, ಪತ್ರಗಳನ್ನು ಕಾಪಾಡಿಡಿ ಅಂತ ಡಚ್ ಮಂತ್ರಿಯೊಬ್ಬರು ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿ, ಬಿಡಿ ಹಾಳೆಗಳ ಮೇಲೆ ಮತ್ತೆ ಬರೆಯೋಕೆ ಕೂತಳು. ಆದರೆ ಹಳೇದನ್ನು ತೂಕಕ್ಕೆ ಹಾಕಲಿಲ್ಲ. ಅವಳದ್ದೂ ಸುಮಾರು ಒಂದು ವರ್ಷದ ಮೂಲ ಬರಹ ಸಿಕ್ಕಿಲ್ಲ, ಆ ಕಾಲದ್ದು ತಿದ್ದಿದ್ದು ಮಾತ್ರ ಉಳಿದಿದೆ. ಅದನ್ನು ಓದಿದಾಗ ನನಗೆ ಹೊಟ್ಟೆಯೊಳಗೆ ಏನೋ ಆಯಿತು.

ದಿನಾ ಬರೆಯೋ ಹಟವನ್ನೂ ಬಿಡು. ಬಿ.ಎಡ್.ನಲ್ಲಿ ನಮಗೆ ಇಂಟರ್ನ್‌ಶಿಪ್ ಡೈರಿ ಅಂತ ಇತ್ತು, ದಿನಾ ಬರೆದು ಕೊನೆಗೆ ಒಪ್ಪಿಸಬೇಕು. ಇಡೀ ಬ್ಯಾಚು ಕೊನೇ ರಾತ್ರಿ ಕೂತು, ಬೇರೆ ಬೇರೆ ದಿನ ಅಂತ ಕಾಣಲಿ ಅಂತ ಪೆನ್ನು ಬದಲಾಯಿಸಿಕೊಂಡು ಬರೆದೆವು. ಅದೇ ಕೋರ್ಸಿನಲ್ಲಿ ಜೇಮ್ಸ್ ಪೆನ್ನೆಬೇಕರ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞರ ಪ್ರಯೋಗದ ಬಗ್ಗೆ ಓದಿದೆ. 1986ರಲ್ಲಿ ಪ್ರಕಟವಾದದ್ದು. ಕಾಲೇಜು ಹುಡುಗರಿಗೆ ಮನಸ್ಸಿಗೆ ತುಂಬಾ ನೋವಾದ ಸಂಗತಿಯನ್ನು ದಿನಕ್ಕೆ 15 ನಿಮಿಷ ಬರೆಯೋಕೆ ಹೇಳಿದರು. ಕಾಗುಣಿತ, ವ್ಯಾಕರಣ ನೋಡಬೇಡಿ ಅಂದರು. ಎಷ್ಟು ದಿನ? ನಾಲ್ಕೇ ದಿನ. ನಡೆದದ್ದನ್ನೂ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು, ಸುಮ್ನೆ ಏನೋ ಬರೆದವರಿಗಿಂತ ಕಡಿಮೆ. ನಾನಂತೂ ಆ ಪುಟ ಓದಿ, ಎರಡು ವರ್ಷಕ್ಕೂ ಜಾಸ್ತಿ ಪ್ರತಿ ಭಾನುವಾರ ಕಾಗುಣಿತ ತಿದ್ದಿದ ನನ್ನ ಕೈ ನೋಡಿಕೊಂಡೆ.

ಬರೆಯೋಕೆ ಏನೂ ಇಲ್ಲದ ದಿನ ಬರೆಯಬೇಡ. ಯಾರಾದರೂ ನಿನಗೆ ಏನಾದರೂ ಅಂದ ದಿನ ಮಾತ್ರ ಬಿಡಬೇಡ, ಅವರು ಅಂದ ಹಾಗೇ ಬರಿ. ದುಡ್ಡಿನ ವಿಷಯ ಇದ್ದರೆ ಎಷ್ಟು ಅಂತ ಬರಿ. 'ಸಂತೋಷವಾಯಿತು', 'ಬೇಸರವಾಯಿತು' ಅಂತ ಬರೆದು ನಿಲ್ಲಿಸಬೇಡ, ಯಾಕೆ ಅಂತ ಮುಂದಿನ ಸಾಲಿನಲ್ಲಿ ಇರಲಿ. ಮನೆಯಲ್ಲಿ ಓದಿಬಿಡುತ್ತಾರೆ ಅನ್ನೋ ಭಯ ಇದ್ದರೆ ಗಣಿತದ ರಫ್ ನೋಟಿನ ಹಿಂದೆ ಬರಿ. ಆ ಕಡೆ ಯಾರೂ ತಲೆ ಹಾಕಲ್ಲ, ಗ್ಯಾರಂಟಿ.

ನಾನು ಈಗ ನೂರು ಪುಟದ ನೋಟಿನಲ್ಲಿ ಬರೆಯುತ್ತೇನೆ. ವಾರಕ್ಕೆ ಎರಡು ಸಲ, ಕೆಲವು ತಿಂಗಳು ಅದೂ ಇಲ್ಲ. ನಿನ್ನೆಯದು ಇದ್ದ ಹಾಗೇ:

'ಅಮ್ಮ ಫೋನ್ ಮಾಡಿದ್ಲು. ಅಟ್ಟದ್ ಕಾಯಿ ಅಲ್ಲಾಡ್ಸಿದ್ರೆ ಇನ್ನೂ ನೀರೇ ಅಂತೆ, ಗಡಗಡ ಅನ್ನಲ್ವಂತೆ. ಮಂಡಿ ನೋವಿಗೆ ಮಾತ್ರೆ ಮುಗಿದಿದೆ, 15ರ ಪಟ್ಟಿ ಎರಡು ತರ್ಬೇಕು. ಹಸ್ರು ಮಗ್ಗಿನ ಹಿಡಿ ಮುರಿದುಹೋಯ್ತಂತೆ. ಬಿಸಾಕಮ್ಮ ಅಂದೆ. ಬ್ಯಾಡ, ನೀರು ತುಂಬಲ್ವಾ ಅಂದ್ಲು.'