ಕುದಿ ಬಂದ ಮೇಲೂ ಉರಿ ಜೋರಾಗಿಟ್ಟರೆ ಅಡುಗೆ ಬೇಗ ಆಗುತ್ತದೆಯೇ?

ಇಲ್ಲ. ನೀರು ಒಮ್ಮೆ ಚೆನ್ನಾಗಿ ಕುದಿಯಲು ಶುರುವಾದರೆ, ಆಮೇಲೆ ಉರಿ ಎಷ್ಟೇ ಜೋರು ಮಾಡಿದರೂ ಕಾಳು, ತರಕಾರಿ ಬೇಗ ಬೇಯುವುದಿಲ್ಲ. ಗ್ಯಾಸ್ ಮಾತ್ರ ಸುಮ್ನೆ ಖರ್ಚಾಗುತ್ತದೆ.

ತೆರೆದ ಪಾತ್ರೆಯಲ್ಲಿ ನೀರಿನ ಬಿಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಬಂದು ನಿಂತುಬಿಡುತ್ತದೆ. (ಎತ್ತರದ ಜಾಗಗಳಲ್ಲಿ ಇನ್ನೂ ಸ್ವಲ್ಪ ಕಡಿಮೆ.) ಕಾಳು ಬೇಯುವುದು ಆ ಬಿಸಿಯಿಂದ, ಗುಳ್ಳೆಗಳ ಅಬ್ಬರದಿಂದ ಅಲ್ಲ. ಅದರ ಮೇಲೆ ಕೊಡುವ ಶಾಖವೆಲ್ಲ ನೀರನ್ನು ಆವಿ ಮಾಡಲು ಹೋಗುತ್ತದೆ. ಈ ಆವಿ ಮಾಡುವ ಕೆಲಸ ಭಾರಿ ದುಬಾರಿ. 1 ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಸುಮಾರು 335 ಕಿಲೋಜೌಲ್ (ಶಾಖ ಅಳೆಯುವ ಮಾನ) ಸಾಕು. ಅಷ್ಟೇ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 2,260 ಬೇಕು. ಆರು ಪಟ್ಟಿಗಿಂತ ಜಾಸ್ತಿ ಆಯ್ತು, ಅಲ್ವಾ?

ಹಾಗಾಗಿ ಕುದಿ ಬಂದ ಕೂಡಲೇ ಉರಿ ಇಳಿಸಿ ಮುಚ್ಚಳ ಹಾಕಿ. ಅಲ್ಲಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ಮುಚ್ಚಳದ ಒಳಮೈಗೆ ತಗುಲಿದ ಆವಿ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ, ಹೊರಗೆ ಹೋಗುವ ಶಾಖ ಕಡಿಮೆಯಾಗುತ್ತದೆ. ಉರಿ ಪಾತ್ರೆಯ ತಳ ದಾಟಿ ಬದಿಗೆ ಚಾಚದಂತೆಯೂ ನೋಡಿಕೊಳ್ಳಿ. ಹಾಗೆ ಚಾಚಿದ ಉರಿ ಬಿಸಿ ಮಾಡುವುದು ಹೆಚ್ಚಾಗಿ ಅಡುಗೆಮನೆಯ ಗಾಳಿಯನ್ನು.

ಪ್ರೆಶರ್ ಕುಕ್ಕರ್‌ನಲ್ಲಿ ಬೇಗ ಬೇಯುವುದಕ್ಕೂ ನೀರಿನ ಬಿಸಿಯೇ ಕಾರಣ. ಒಳಗಿನ ಒತ್ತಡದಿಂದ ನೀರಿನ ಬಿಸಿ ಸುಮಾರು 120 ಡಿಗ್ರಿವರೆಗೆ ಏರುತ್ತದೆ. ಒತ್ತಡ ತುಂಬಿದ ಮೇಲೆ ಅಲ್ಲೂ ಸಣ್ಣ ಉರಿ ಸಾಕು. ನೀರು ಇಂಗಿಸಿ ಗಟ್ಟಿ ಮಾಡಬೇಕಾದ ಅಡುಗೆಯಾದರೆ ಮಾತ್ರ ಮುಚ್ಚಳ ತೆಗೆದು ಉರಿ ಜೋರು ಮಾಡಿ.