ಚಿನ್ನದ ನ್ಯಾನೊಕಣದ ಲೆಕ್ಕದಲ್ಲಿ ಪೀಕ್ 290ಕ್ಕೆ ಬರುವುದೇಕೆ?

ನೀರಿನಲ್ಲಿರುವ 20 ನ್ಯಾನೊಮೀಟರ್ ವ್ಯಾಸದ ಚಿನ್ನದ ಗೋಳಕ್ಕೆ ಡ್ರೂಡ್ ಮಾದರಿ ಬಳಸಿ ಲೆಕ್ಕ ಮಾಡಿದರೆ ಹೀರಿಕೆಯ ಪೀಕ್, ಅಂದರೆ ಕಣ ಅತಿ ಹೆಚ್ಚು ಬೆಳಕು ಹೀರುವ ತರಂಗಾಂತರ, 290 ನ್ಯಾನೊಮೀಟರ್ ಹತ್ತಿರ ಬರುತ್ತಿದೆ, ಪ್ರಯೋಗದಲ್ಲಿ ಅದು 520ರ ಸುಮಾರಿಗಿದೆ, ದುಬಾರಿ ಸಾಫ್ಟ್‌ವೇರ್ ಕೊಂಡರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಳ್ಳಬೇಡಿ. ತಪ್ಪಿರುವುದು ಪ್ರೋಗ್ರಾಮಿನಲ್ಲಲ್ಲ, ನೀವು ಅದಕ್ಕೆ ಕೊಟ್ಟ ಚಿನ್ನದಲ್ಲಿ.

ಡ್ರೂಡ್ ಮಾದರಿಯು ಲೋಹದೊಳಗೆ ಮುಕ್ತವಾಗಿ ಓಡಾಡುವ ಎಲೆಕ್ಟ್ರಾನುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಈ ಮುಕ್ತ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುವ ಸಹಜ ಶಕ್ತಿಗೆ ಪ್ಲಾಸ್ಮಾ ಶಕ್ತಿ ಎನ್ನುತ್ತಾರೆ, ಚಿನ್ನದಲ್ಲಿ ಅದು ಸುಮಾರು 9 ಎಲೆಕ್ಟ್ರಾನ್ ವೋಲ್ಟ್. ವಸ್ತುವೊಂದು ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ಹೇಗೆ ಸ್ಪಂದಿಸುತ್ತದೆಂದು ಹೇಳುವ ಸಂಖ್ಯೆ ಡೈಎಲೆಕ್ಟ್ರಿಕ್ ಮೌಲ್ಯ; ನೀರಿಗೆ ಅದು ವಕ್ರೀಭವನ ಸೂಚ್ಯಂಕ 1.33ರ ವರ್ಗ, 1.77. ಇದರ ಎರಡರಷ್ಟಕ್ಕೆ 1 ಕೂಡಿಸಿ, ಬಂದದ್ದರ ವರ್ಗಮೂಲದಿಂದ 9ನ್ನು ಭಾಗಿಸಿದರೆ 4.2 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 294 ನ್ಯಾನೊಮೀಟರ್ ಸಿಗುತ್ತದೆ. ನಿಮಗೆ ಬಂದಿರುವುದು ಇದೇ ಉತ್ತರ. ನಿಜವಾದ ಚಿನ್ನದಲ್ಲಾದರೋ ಮುಕ್ತವಲ್ಲದ, ಪರಮಾಣುಗಳಿಗೆ ಅಂಟಿಕೊಂಡಂತಿರುವ ಡಿ-ಪಟ್ಟಿಯ ಎಲೆಕ್ಟ್ರಾನುಗಳು 2.4 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಿಂದಲೇ ಬೆಳಕನ್ನು ಹೀರತೊಡಗುತ್ತವೆ. ಚಿನ್ನದ ಹಳದಿ ಬಣ್ಣಕ್ಕೂ ಅವೇ ಕಾರಣ.

ಆದ್ದರಿಂದ ಜಾನ್ಸನ್ ಮತ್ತು ಕ್ರಿಸ್ಟಿ 1972ರಲ್ಲಿ ಪ್ರಕಟಿಸಿದ, ನಿಜವಾದ ಚಿನ್ನದ ಮೇಲಿನ ಅಳತೆಯ ಮೌಲ್ಯಗಳನ್ನು ಬಳಸಿ. ಸಣ್ಣ ಗೋಳದ ಅನುರಣನಕ್ಕೆ, ಅಂದರೆ ಪೀಕ್ ಬರಲು, ಲೋಹದ ಡೈಎಲೆಕ್ಟ್ರಿಕ್ ಮೌಲ್ಯದ ವಾಸ್ತವ ಭಾಗ ಮಾಧ್ಯಮದ ಮೌಲ್ಯದ ಋಣ ಎರಡರಷ್ಟು, ಅಂದರೆ ನೀರಿನಲ್ಲಿ −3.54, ಆಗಬೇಕು, ಅವರ ಕೋಷ್ಟಕದಲ್ಲಿ ಅದು 2.38 ಮತ್ತು 2.50 ಎಲೆಕ್ಟ್ರಾನ್ ವೋಲ್ಟುಗಳ ನಡುವೆ, 521 ಮತ್ತು 496 ನ್ಯಾನೊಮೀಟರುಗಳ ಮಧ್ಯದಲ್ಲಿ, ಸಿಗುತ್ತದೆ. ಆ ಎರಡರ ನಡುವೆ ಬೇರೆ ಬಿಂದುವೇ ಇಲ್ಲದಿರುವುದರಿಂದ ಸರಳರೇಖೆ ಎಳೆದು ಜೋಡಿಸಿದರೆ ಪೀಕಿನ ಬಳಿಯೇ ಮೊನಚು ಮೂಲೆ ಏಳುತ್ತದೆ, ಬಿಂದುಗಳನ್ನು ನಯವಾದ ವಕ್ರರೇಖೆಯಿಂದ ಜೋಡಿಸುವ ಸ್ಪ್ಲೈನ್ ಬಳಸಿ. ಇನ್ನೊಂದು ಮಾತು: ಚಿನ್ನದಲ್ಲಿ ಎಲೆಕ್ಟ್ರಾನಿನ ಸರಾಸರಿ ಮುಕ್ತ ಪಥ ಸುಮಾರು 40 ನ್ಯಾನೊಮೀಟರ್ ಇರುವಾಗ ನಿಮ್ಮ ಕಣದ ವ್ಯಾಸವೇ 20, ಹೀಗಾಗಿ ಎಲೆಕ್ಟ್ರಾನುಗಳು ಮೇಲ್ಮೈಗೆ ಬಡಿಯುವುದರಿಂದ ಆಗುವ ನಷ್ಟವನ್ನೂ ಸೇರಿಸಬೇಕು. ಸೇರಿಸಿದಾಗ ಪೀಕ್ ಹೆಚ್ಚು ಸರಿಯುವುದಿಲ್ಲ, ಅಗಲವಾಗುತ್ತದೆ.

ಇನ್ನು ಸಾಫ್ಟ್‌ವೇರ್ ವಿಷಯ: ಗೋಳಕ್ಕೆ ಭೌತವಿಜ್ಞಾನಿ ಗುಸ್ತಾವ್ ಮೀ 1908ರಲ್ಲಿಯೇ ಮ್ಯಾಕ್ಸ್‌ವೆಲ್ ಸಮೀಕರಣಗಳ ಪೂರ್ಣ ಪರಿಹಾರ ಕೊಟ್ಟಿದ್ದಾರೆ. ನಾನು ವಿರಾಜಪೇಟೆಯ ಸಮೀಪದ ತೋಟದ ಮನೆಯಲ್ಲಿ ಕುಳಿತು ಈ ಕೆಲಸ ಮಾಡುತ್ತೇನೆ. ಕೊಡಗಿನ ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕರೆಂಟ್ ಇರುವುದಿಲ್ಲ, ಜಾಗವನ್ನು ಪುಟ್ಟ ಚೌಕಗಳ ಗ್ರಿಡ್ಡಾಗಿ ಒಡೆದು ಹೆಜ್ಜೆ ಹೆಜ್ಜೆಯಾಗಿ ಇಡೀ ರಾತ್ರಿ ಓಡಬೇಕಾದ ಎಫ್‌ಡಿಟಿಡಿ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಮೀ ಲೆಕ್ಕವಾದರೆ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಕ್ಷಣಮಾತ್ರದಲ್ಲಿ ಮುಗಿಯುತ್ತದೆ.

ದೊಡ್ಡ ಲೆಕ್ಕಗಳ ಅಗತ್ಯ ಎಲ್ಲಿ ಬರುತ್ತದೆಂಬುದನ್ನು ನನ್ನ ಕಿಟಕಿಯ ಬಳಿಯಿರುವ ಪುಟ್ಟ ಸೀಸೆ ತೋರಿಸುತ್ತದೆ. ಸಿಟ್ರೇಟಿನಿಂದ ಮಾಡಿದ ಚಿನ್ನದ ದ್ರಾವಣ ಅದರಲ್ಲಿ ಮಾಣಿಕ್ಯದಂತೆ ಕೆಂಪಗಿದೆ. ಅದರಿಂದ ಒಂದಿಷ್ಟು ಬೇರೆ ತೆಗೆದು ಚಿಟಿಕೆ ಉಪ್ಪು ಹಾಕಿದರೆ ಕಣಗಳು ಒಂದಕ್ಕೊಂದು ಅಂಟಿ, ನೋಡನೋಡುತ್ತಿದ್ದಂತೆ ಬಣ್ಣ ನೀಲಿಗೆ ತಿರುಗುತ್ತದೆ. ಒಂಟಿ ಗೋಳದ ಲೆಕ್ಕ ಈ ನೀಲಿಯನ್ನು ಕೊಡಲಾರದು. ಜೋಡಿ ಕಣಗಳು, ಸರಳಿನಂತಹ ಕಣಗಳು ಬಂದಾಗ ಉಚಿತವಾಗಿ ಸಿಗುವ ಡಿಡಿಎಸ್‌ಕ್ಯಾಟ್ ಅಥವಾ ಮೀಪ್ ಎಂಬ ಪ್ರೋಗ್ರಾಮುಗಳನ್ನು ಹಿಡಿಯಿರಿ. ಆದರೆ ಅಲ್ಲಿಯೂ ಮೊದಲು ಇದೇ 20 ನ್ಯಾನೊಮೀಟರ್ ಗೋಳವನ್ನೇ ಇಟ್ಟು, ಗ್ರಿಡ್ಡನ್ನು 1ರಿಂದ 0.5 ನ್ಯಾನೊಮೀಟರಿಗೆ, ಬೇಕಾದರೆ ಇನ್ನೂ ಕೆಳಗೆ ಇಳಿಸುತ್ತಾ ಹೋಗಿ; ಅದರ ಗೆರೆ ಮೀ ಗೆರೆಯ ಮೇಲೆ ಕೂರುವವರೆಗೆ ಸರಳಿನ ಲೆಕ್ಕಕ್ಕೆ ಕೈ ಹಾಕಬೇಡಿ.