ಕಿಟೆಲ್ ಮೊದಲು ಪಾದ್ರಿ

ಪ್ರಿಯ ಲೇಖಕರೇ,

ಮುಂದೆ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟೆಲ್ ಧಾರವಾಡದಲ್ಲಿ ಕಳೆದ ಮೊದಲ ದಿನಗಳ ಬಗ್ಗೆ ನೀವು ಕಳಿಸಿದ ಕತೆ ಕೈಸೇರಿ ತಿಂಗಳಾಯಿತು. ಉತ್ತರ ತಡವಾಯಿತು, ಬೇಸರ ಬೇಡ. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸಬಹುದಿತ್ತು, ಆರನೆಯ ಪುಟ ಬಿಡಲಿಲ್ಲ.

ಆ ಪುಟದಲ್ಲಿ ಇಪ್ಪತ್ತೊಂದರ ಹುಡುಗ ಸಂತೆಯ ಕಲ್ಲು ಹತ್ತಿ ನಿಂತು, ಬೆಳಗಿನಿಂದ ಉರುಹಚ್ಚಿದ ಉಪದೇಶ ಶುರುಮಾಡುತ್ತಾನೆ. ಜರ್ಮನ್ ನಾಲಿಗೆಗೆ ಳಕಾರ ಹೊರಳುವುದಿಲ್ಲ. 'ಕೇಳಿರಿ, ಹೇಳುತ್ತೇನೆ' ಅನ್ನಬೇಕಾದವನು 'ಕೇಲಿರಿ, ಹೇಲುತ್ತೇನೆ' ಅಂದುಬಿಡುತ್ತಾನೆ. ಮೆಣಸಿನಕಾಯಿ ಮಾರುವ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ನಿಮ್ಮ ಕಲ್ಪನೆಯೇ ಇರಬಹುದು, ನಾನಂತೂ ಆಫೀಸಿನಲ್ಲಿ ಒಬ್ಬನೇ ಕೂತು ಜೋರಾಗಿ ನಕ್ಕೆ. ಆಮೇಲೆ ಅಯ್ಯೋ ಅನ್ನಿಸಿತು.

ಆದರೆ ಮರುಸಾಲಿನಲ್ಲೇ 'ಅಂದೇ ಆತ ನಿಘಂಟಿನ ಪಣ ತೊಟ್ಟ' ಎಂದು ಬರೆದಿದ್ದೀರಿ. ಆತ ಬಂದದ್ದು 1853ರಲ್ಲಿ, ಸುಮಾರು 70,000 ಪದಗಳ ಆ ನಿಘಂಟು ಹೊರಬಂದದ್ದು 1894ರಲ್ಲಿ. ನಲವತ್ತೊಂದು ವರ್ಷವನ್ನು ಒಂದೇ ಗುಟುಕಿಗೆ ನುಂಗಿದಿರಲ್ಲ! ಆ ರಾತ್ರಿ ಅವನು ಏನು ಮಾಡಿದ? ಜನ ಯಾಕೆ ನಕ್ಕರೆಂದು ಕೇಳಿದಾಗ ಕನ್ನಡ ಕಲಿಸುವ ಮುನ್ಷಿ ಯಾವ ಬಾಯಲ್ಲಿ ಅರ್ಥ ಹೇಳಿದ? ನಗು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವಾಗ ಪ್ರಾರ್ಥನೆಗೆ ಮೊಣಕಾಲೂರಿದವನು ದೇವರ ಹತ್ತಿರ ಏನು ಬೇಡಿಕೊಂಡ? ಇದೊಂದೂ ಕತೆಯಲ್ಲಿಲ್ಲ.

ನನ್ನ ನಿಜವಾದ ತಕರಾರು ಇಲ್ಲಿದೆ. ಧರ್ಮದ ಮಾತು ಬಂದಲ್ಲೆಲ್ಲ ನೀವು ಮುಜುಗರಪಟ್ಟು ಪಕ್ಕಕ್ಕೆ ಸರಿಯುತ್ತೀರಿ. ಹದಿನಾಲ್ಕು ಪುಟದಲ್ಲಿ 'ಕನ್ನಡಾಂಬೆ' ಹನ್ನೊಂದು ಸಲ ಬಂದಿದ್ದಾಳೆ, ಏಸು ಎರಡೇ ಸಲ. (ಎಣಿಸಿದೆ, ಸಂಪಾದಕರ ಚಾಳಿ.) ಓದುಗರು ಮುನಿಸಿಕೊಂಡಾರು ಎಂಬ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಪಾದ್ರಿಯ ಮಗನಾಗಿ ಹುಟ್ಟಿ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ತರಬೇತಾದವನು ಕನ್ನಡದ ಮೋಹಕ್ಕೆ ಊರು ಬಿಡಲಿಲ್ಲ. ತನ್ನ ದೇವರೇ ದಾರಿ ಎಂದು ನಂಬಿ, ಅದನ್ನು ಈ ಜನಕ್ಕೆ ಒಪ್ಪಿಸಲು ಬಂದ. ಆ ಕೆಲಸಕ್ಕೆ ಭಾಷೆ ಬೇಕಿತ್ತು, ಕಲಿತ. ಕಲಿಯುತ್ತ ಕಲಿಯುತ್ತ ಭಾಷೆಯೇ ಅವನನ್ನು ಒಳಗೆ ಎಳೆದುಕೊಂಡಿತು. 1862ರ 'ಕಥಾಮಾಲೆ'ಯಲ್ಲಿ ಏಸುವಿನ ಚರಿತೆಯನ್ನು ನಮ್ಮ ಛಂದಸ್ಸಿಗೆ ಕೂರಿಸಿದ, ಹತ್ತು ವರ್ಷ ಕಳೆದ ಮೇಲೆ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದ. ಉಪದೇಶಿ ಹಳಗನ್ನಡ ವ್ಯಾಕರಣದ ಮುಂದೆ ಕೂರುವಂತಾದದ್ದು ಹೇಗೆ ಎಂಬುದೇ ಕುತೂಹಲ. ಅವನ ನಂಬಿಕೆಯನ್ನು ಮೊದಲೇ ಅಳಿಸಿದರೆ ಆ ಕುತೂಹಲವೂ ಹೋಯಿತು. ಅವನನ್ನು ನೀವು ಒಪ್ಪಬೇಕಾಗಿಲ್ಲ. ಸಂತೆಯಲ್ಲಿ ಯಾರಾದರೂ ಅವನೊಡನೆ ವಾದಕ್ಕಿಳಿಯಲಿ, ಒಬ್ಬ ಜಂಗಮನೋ ಒಬ್ಬ ಶಾಸ್ತ್ರಿಯೋ, ಮತ್ತು ಗೆಲ್ಲಲಿ.

ಇನ್ನು ತಪ್ಪುಗಳು. ನಿಮ್ಮ ನಾಯಕ ಸೂಯೆಜ್ ಕಾಲುವೆ ದಾಟಿ ಬರುತ್ತಾನೆ, ಅದು ತೆರೆದದ್ದು 1869ರಲ್ಲಿ. ಅವನ ಮನೆಗೆ ಮಂಗಳೂರು ಹೆಂಚು ಹೊದಿಸಿದ್ದೀರಿ, ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಅಡುಗೆಮನೆಯಲ್ಲಿ ಹೆಂಡತಿ ಬೇರೆ! ಮದುವೆಗೆ ಬಾಸೆಲ್ಲಿನ ಕಮಿಟಿ ಒಪ್ಪಬೇಕಿತ್ತು, ಕಿಟೆಲ್‌ಗೆ ಮದುವೆಯಾದದ್ದು 1860ರಲ್ಲಿ. ಆ ಹೆಂಡತಿಯನ್ನು ಹೊರಗೆ ಕಳಿಸಿದರೆ ಕತೆಗೆ ಲಾಭವೇ. ಒಂಟಿ ಹುಡುಗ, ತಿಂಗಳುಗಟ್ಟಲೆ ತಡವಾಗಿ ಬರುವ ಮನೆಯ ಕಾಗದ, ಅದರ ಮೇಲೆ ಈ ಳಕಾರ.

ಮುನ್ಷಿ ಧಾರವಾಡದವನಾಗಿಯೂ 'ಏಕೆ ಚಿಂತಿಸುತ್ತಿರುವಿರಿ ಮಹನೀಯರೇ' ಅನ್ನುತ್ತಾನೆ. 'ಯಾಕ್ರೀ ಸಾಹೇಬ್ರ, ಮಾರಿ ಸಣ್ಣದಾಗೇತಿ?' ಅಂದರೆ ಸಾಕು.

ಒಂಬತ್ತನೆಯ ಪುಟದಿಂದಾಚೆ ಎಲ್ಲ ತೆಗೆಯಿರಿ, ಬೆಂಗಳೂರಿನ ಪ್ರತಿಮೆಗೆ ಹಾರ ಹಾಕುವ ದೃಶ್ಯವನ್ನೂ. ಸಂತೆಯಿಂದಲೇ ಶುರುಮಾಡಿ ಮತ್ತೆ ಕಳಿಸಿ. ಆ ಮೆಣಸಿನಕಾಯಿ ಮುದುಕಿಯನ್ನು ಮಾತ್ರ ಬಿಡಬೇಡಿ. ಮುಂದಿನ ವಾರದ ಸಂತೆಗೂ ಅವಳು ಬರುತ್ತಾಳಲ್ಲ, ಅವನು ಮತ್ತೆ ಅದೇ ಕಲ್ಲು ಹತ್ತಿದ್ದು ನೋಡಿ ಏನಂದಳು?

ಇಂತಿ,
ಸಂಪಾದಕ